ವಾಲ್ಟರ್ ಓವನ್ ಬೆಂಟ್ಲಿ

ವಾಲ್ಟರ್ ಓವನ್ ಬೆಂಟ್ಲಿ (16 ಸೆಪ್ಟೆಂಬರ್ 1888 – 13 ಆಗಸ್ಟ್ 1971) ಇಂಗ್ಲೆಂಡಿನ ಎಂಜಿನಿಯರ್, ಎಂಜಿನ್ ವಿನ್ಯಾಸಕಾರ ಹಾಗೂ ಬೆಂಟ್ಲಿ ಮೋಟರ್ಸ್ ಸಂಸ್ಥೆಯ ಸ್ಥಾಪಕ. ಸಹೋದ್ಯೋಗಿಗಳ ನಡುವೆ ಅವರು ಡಬ್ಲ್ಯೂ. ಓ. ಎಂಬ ಎರಡಕ್ಷರದಿಂದಲೇ ಪರಿಚಿತರಾಗಿದ್ದರು. ಇಂದು ಅವರ ಹೆಸರು ಕೇಳಿದೊಡನೆ ನೆನಪಾಗುವುದು ಬೆಲೆಬಾಳುವ ಕಾರುಗಳು. ಆದರೆ ತಮ್ಮ ಹೆಸರಿನ ಮೊದಲ ಕಾರನ್ನು ತಯಾರಿಸುವ ಮುನ್ನವೇ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟನ್ನಿನ ವಿಮಾನ ಎಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಬಳಕೆಗೆ ಬರಲು ಅವರು ಮುಖ್ಯ ಕಾರಣರಾದರು. ಅವರು ವಿನ್ಯಾಸಗೊಳಿಸಿದ ಬಿ.ಆರ್.1 ಮತ್ತು ಬಿ.ಆರ್.2 ಎಂಬ ಸುತ್ತುವ ಎಂಜಿನ್ನುಗಳು ಸಾಪ್‌ವಿತ್ ಕ್ಯಾಮೆಲ್ ಹಾಗೂ ಸಾಪ್‌ವಿತ್ ಸ್ನೈಪ್ ಯುದ್ಧವಿಮಾನಗಳಲ್ಲಿ ಬಳಕೆಯಾದವು.

ಬಾಲ್ಯ ಮತ್ತು ತರಬೇತಿ

ಬೆಂಟ್ಲಿಯವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅನುಕೂಲಸ್ಥ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಆಲ್‌ಫ್ರೆಡ್ ಬೆಂಟ್ಲಿ ವ್ಯಾಪಾರಿ, ತಾಯಿ ಎಮಿಲಿ. ಒಂಬತ್ತು ಮಕ್ಕಳಲ್ಲಿ ಇವರೇ ಕಿರಿಯರು. ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜಿನಲ್ಲಿ ಓದಿದರಾದರೂ ಪುಸ್ತಕಕ್ಕಿಂತ ಉಗಿಬಂಡಿಯ ಮೇಲೆ ಅವರ ಒಲವು ಹೆಚ್ಚಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು, ಡಾನ್‌ಕಾಸ್ಟರ್‌ನಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಯಾಗಾರವನ್ನು ಶುಲ್ಕ ತೆತ್ತು ಕಲಿಯುವ ಶಿಷ್ಯನಾಗಿ ಸೇರಿದರು. ಐದು ವರ್ಷಗಳ ಆ ತರಬೇತಿಯಲ್ಲಿ ಎರಕ ಹೊಯ್ಯುವುದು, ಲೋಹ ಕಡೆಯುವುದು, ಬಿಡಿಭಾಗಗಳನ್ನು ಕೂಡಿಸುವುದು, ರೈಲು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುವುದು ಎಲ್ಲವನ್ನೂ ಕೈಯಾರೆ ಮಾಡಿ ಕಲಿತರು. ಲೋಹವು ಬಿಸಿಯಾದಾಗ ಹೇಗೆ ವರ್ತಿಸುತ್ತದೆ ಎಂಬ ತಿಳಿವಳಿಕೆ ಅವರಿಗೆ ದೊರೆತದ್ದು ಇಲ್ಲಿಯೇ. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿ ಅವರಿಗಿರಲಿಲ್ಲ.

ಇದೇ ಅವಧಿಯಲ್ಲಿ ಮೋಟರ್ ಸೈಕಲ್ ಓಟದ ಹವ್ಯಾಸ ಹತ್ತಿತು. 1909 ಮತ್ತು 1910ರಲ್ಲಿ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ಪಂದ್ಯಗಳಲ್ಲಿ ಭಾಗವಹಿಸಿದರು. ಎರಡರಲ್ಲಿಯೂ ಗುರಿ ಮುಟ್ಟಲಾಗಲಿಲ್ಲ. ರೈಲ್ವೆಯಲ್ಲಿ ಮುಂದೆ ಬರಲು ಬಹಳ ಕಾಲ ಹಿಡಿಯುವುದೆಂದು ಮನಗಂಡು ಅದನ್ನು ತೊರೆದು, ಲಂಡನ್ನಿನ ಬಾಡಿಗೆ ಕಾರುಗಳ ಕಂಪನಿಯೊಂದರಲ್ಲಿ ವಾಹನಗಳ ಉಸ್ತುವಾರಿ ನೋಡಿಕೊಂಡರು.

ಮೇಜಿನ ಮೇಲಿನ ಪುಟ್ಟ ಪಿಸ್ಟನ್

1912ರಲ್ಲಿ ವಾಲ್ಟರ್ ಮತ್ತು ಅವರ ಅಣ್ಣ ಹೊರೇಸ್ ಮಿಲ್ನರ್ ಬೆಂಟ್ಲಿ ಸೇರಿ, ಡಿ.ಎಫ್.ಪಿ. ಎಂಬ ಫ್ರೆಂಚ್ ಕಾರುಗಳನ್ನು ಬ್ರಿಟನ್ನಿನಲ್ಲಿ ಮಾರುವ ವ್ಯವಹಾರವನ್ನು ಕೊಂಡುಕೊಂಡರು. ಪ್ರಚಾರಕ್ಕೆ ಹೆಚ್ಚು ಹಣವಿರಲಿಲ್ಲ. ಓಟದ ಪಂದ್ಯಗಳಲ್ಲಿ ಗೆದ್ದರೆ ಅದೇ ಪ್ರಚಾರ ಎಂಬುದು ತಮ್ಮನ ಲೆಕ್ಕಾಚಾರ. ಎರಡು ಲೀಟರಿನ ಸಣ್ಣ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಪಡೆಯುವ ಬಗೆಯನ್ನು ಅವರು ಹುಡುಕುತ್ತಿದ್ದರು.

1913ರಲ್ಲಿ ಪ್ಯಾರಿಸ್ ಬಳಿಯ ಕೂರ್ಬೆವ್ವಾದಲ್ಲಿದ್ದ ಡಿ.ಎಫ್.ಪಿ. ಕಾರ್ಖಾನೆಗೆ ಹೋದಾಗ, ಅಲ್ಲಿನ ಮೇಜೊಂದರ ಮೇಲೆ ಕಾಗದಗಳು ಹಾರದಂತೆ ಇಡುವ ಭಾರವೊಂದು ಅವರ ಕಣ್ಣಿಗೆ ಬಿತ್ತು. ಪಿಸ್ಟನ್ನಿನ ಆಕಾರದ ಆ ಪುಟ್ಟ ವಸ್ತು ಅಲ್ಯೂಮಿನಿಯಂನದು. ಎರಕದ ಕಾರ್ಖಾನೆಯೊಂದು ನೆನಪಿನ ಕಾಣಿಕೆಯಾಗಿ ಕೊಟ್ಟಿದ್ದು. ಅಂದಿನ ಎಂಜಿನ್ನುಗಳಲ್ಲಿ ಪಿಸ್ಟನ್ ಎಂದರೆ ಬೀಡು ಕಬ್ಬಿಣ ಅಥವಾ ಉಕ್ಕಿನದೇ ಆಗಿರುತ್ತಿತ್ತು. ಅಲಂಕಾರದ ವಸ್ತುವನ್ನು ನಿಜವಾದ ಎಂಜಿನ್ನಿನೊಳಗೆ ಇಟ್ಟರೆ ಹೇಗೆ ಎಂಬ ಯೋಚನೆ ಬೆಂಟ್ಲಿಯವರಿಗೆ ಹೊಳೆಯಿತು.

ಆಕ್ಷೇಪಣೆಗಳು ಸುಳ್ಳಾಗಿರಲಿಲ್ಲ. ಅಲ್ಯೂಮಿನಿಯಂ ಮೃದುವಾದ ಲೋಹ. ಅದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಉರಿಯುವ ಅನಿಲದ ಉಷ್ಣತೆಯೋ ಇದರ ಹಲವು ಪಟ್ಟು. ಪಿಸ್ಟನ್ ಬಿರುಕು ಬಿಡುತ್ತದೆ, ಇಲ್ಲವೇ ಕರಗಿಹೋಗುತ್ತದೆ ಎಂಬುದೇ ಬಲ್ಲವರ ಅಭಿಪ್ರಾಯವಾಗಿತ್ತು. ನೂರಕ್ಕೆ 88 ಭಾಗ ಅಲ್ಯೂಮಿನಿಯಂ, 12 ಭಾಗ ತಾಮ್ರ ಬೆರೆತ ಮಿಶ್ರಲೋಹವನ್ನು ಆರಿಸಿಕೊಂಡು ಬೆಂಟ್ಲಿಯವರು ಪಿಸ್ಟನ್ನುಗಳನ್ನು ಎರಕ ಹೊಯ್ಯಿಸಿದರು. ಅವು ಕರಗಲಿಲ್ಲ. ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಆ ಕಾರು ತನ್ನ ವರ್ಗದ ದಾಖಲೆಗಳನ್ನು ಮುರಿಯಿತು. 1914ರ ಜೂನ್‌ನಲ್ಲಿ ನಡೆದ ಟೂರಿಸ್ಟ್ ಟ್ರೋಫಿ ಕಾರು ಪಂದ್ಯದಲ್ಲಿ ತನಗಿಂತ ದೊಡ್ಡ ಎಂಜಿನ್ನುಗಳ ಕಾರುಗಳ ನಡುವೆ ಆರನೆಯ ಸ್ಥಾನ ಪಡೆಯಿತು. ಎಂಜಿನ್ನಿನೊಳಗೆ ಏನಿದೆ ಎಂಬ ಗುಟ್ಟನ್ನು ಸಹೋದರರು ಹೊರಗೆ ಬಿಡಲಿಲ್ಲ.

ಬದಲಾವಣೆಯ ಲಾಭ ನಷ್ಟಗಳು

ಪಿಸ್ಟನ್ನಿನ ಲೋಹ ಬದಲಾಯಿಸುವುದು ಬರೀ ತೂಕ ಇಳಿಸುವ ವಿಷಯವಲ್ಲ. ಅಲ್ಯೂಮಿನಿಯಂ ಮಿಶ್ರಲೋಹದ ತೂಕವು ಅದೇ ಗಾತ್ರದ ಬೀಡು ಕಬ್ಬಿಣದ ಅರ್ಧಕ್ಕಿಂತ ಕಡಿಮೆ. ಪಿಸ್ಟನ್ ಪ್ರತಿ ಹೊಡೆತದ ಕೊನೆಯಲ್ಲಿ ನಿಂತು ಮತ್ತೆ ಹಿಂದಕ್ಕೆ ಓಡಬೇಕಾದುದರಿಂದ, ಅದು ಹಗುರಾದಷ್ಟೂ ಅದನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್, ಆ ರಾಡು ಮತ್ತು ಬೇರಿಂಗುಗಳ ಮೇಲಿನ ಎಳೆತ ತಗ್ಗುತ್ತದೆ. ಎಂಜಿನ್ ಹೆಚ್ಚು ವೇಗವಾಗಿ ತಿರುಗಬಲ್ಲದು. ಇದಕ್ಕಿಂತ ಮುಖ್ಯವಾದುದು ಶಾಖದ ವಿಚಾರ. ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮಣ್ಣಿನ ಬಾಣಲೆಗೂ ಲೋಹದ ಪಾತ್ರೆಗೂ ಇರುವ ಅಂತರವನ್ನು ಬಲ್ಲವರಿಗೆ ಇದು ತಿಳಿಯದ್ದಲ್ಲ. ಪಿಸ್ಟನ್ನಿನ ತಲೆಗೆ ತಾಗಿದ ಉರಿ ಬೇಗನೆ ಸಿಲಿಂಡರಿನ ಗೋಡೆಗೆ ಹರಿದುಹೋಗುವುದರಿಂದ ಲೋಹ ತನ್ನ ಕರಗುವ ಮಟ್ಟವನ್ನು ತಲಪುವುದೇ ಇಲ್ಲ. ತಜ್ಞರ ಲೆಕ್ಕ ತಪ್ಪಿದ್ದು ಇಲ್ಲಿಯೇ: ಅವರು ಕರಗುವ ಉಷ್ಣತೆಯನ್ನು ನೋಡಿದರು, ಶಾಖ ಹರಿಯುವ ವೇಗವನ್ನು ನೋಡಲಿಲ್ಲ. ತಲೆ ತಂಪಾಗಿದ್ದಾಗ ಒಳಬಂದ ಅನಿಲವು ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಭಯ ಕಡಿಮೆ. ಆದ್ದರಿಂದ ಅನಿಲವನ್ನು ಹೆಚ್ಚು ಒತ್ತಿ ಹೆಚ್ಚು ಶಕ್ತಿ ಪಡೆಯಬಹುದು.

ಇನ್ನೊಂದು ತಟ್ಟೆಯಲ್ಲಿ ನಷ್ಟಗಳೂ ಇದ್ದವು. ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತದೆ. 120 ಮಿಲಿಮೀಟರ್ ವ್ಯಾಸದ ಪಿಸ್ಟನ್ 200 ಡಿಗ್ರಿಯಷ್ಟು ಬಿಸಿಯೇರಿದರೆ, ಬೀಡಿನದಕ್ಕಿಂತ ಕಾಲು ಮಿಲಿಮೀಟರಿಗೂ ಹೆಚ್ಚು ಹಿಗ್ಗಿರುತ್ತದೆ. ಮೊದಲೇ ಅಷ್ಟು ಸಡಿಲ ಬಿಡದಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬಿಟ್ಟರೆ, ಎಂಜಿನ್ ತಣ್ಣಗಿರುವಾಗ ಪಿಸ್ಟನ್ ಅತ್ತಿತ್ತ ಬಡಿದು ಸದ್ದು ಮಾಡುತ್ತದೆ, ಎಣ್ಣೆಯೂ ಮೇಲೆ ಸೋರುತ್ತದೆ. ಗಜನ್ ಪಿನ್ನಿನದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಪಿನ್ ಉಕ್ಕಿನದು, ಅದು ಕೂರುವ ರಂಧ್ರ ಅಲ್ಯೂಮಿನಿಯಂನದು. ತಣ್ಣಗಿರುವಾಗ ಬಿಗಿಯಾಗಿ ಕೂತ ಪಿನ್, ರಂಧ್ರ ಹಿಗ್ಗಿದಾಗ ಸಡಿಲವಾಗಿ ತಿರುಗತೊಡಗುತ್ತದೆ. ಅದು ಪಕ್ಕಕ್ಕೆ ಸರಿದು ಸಿಲಿಂಡರಿನ ಗೋಡೆಯನ್ನು ಗೀರದಂತೆ ತಡೆ ಬೇಕು. ಮೃದು ಲೋಹವು ಪಿನ್ನಿನ ಒತ್ತಡಕ್ಕೆ ಜಜ್ಜಿಹೋಗದಂತೆ ರಂಧ್ರದ ಸುತ್ತ ಹೆಚ್ಚು ದಪ್ಪ ಬಿಡಬೇಕು; ತಲೆಯ ಭಾಗವನ್ನೂ ದಪ್ಪಗೊಳಿಸಬೇಕು. ಹಾಗೆ ಮಾಡುತ್ತ ಹೋದರೆ ಉಳಿಸಿದ ತೂಕದ ಒಂದು ಪಾಲು ಮತ್ತೆ ಸೇರಿಕೊಳ್ಳುತ್ತದೆ. ರಸ್ತೆಯ ಮೇಲಿನ ಕಾರಿನಲ್ಲಿ ಈ ಲೆಕ್ಕ ತಪ್ಪಿದರೆ ಕಾರು ನಿಲ್ಲುತ್ತದೆ, ಅಷ್ಟೇ. ವಿಮಾನದಲ್ಲಿ ತಪ್ಪಿದರೆ ಚಾಲಕನ ಪ್ರಾಣಕ್ಕೇ ಕುತ್ತು.

ಯುದ್ಧ ಮತ್ತು ಗುಟ್ಟಿನ ಹಸ್ತಾಂತರ

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾಯಿತು. ಕಾರು ಮಾರಾಟ ನಿಂತಿತು. ಬೆಂಟ್ಲಿ ಸಹೋದರರ ಬಳಿ ಉಳಿದಿದ್ದ ಬೆಲೆಯುಳ್ಳ ಆಸ್ತಿ ಎಂದರೆ ಅಲ್ಯೂಮಿನಿಯಂ ಪಿಸ್ಟನ್ನಿನ ಅನುಭವವೊಂದೇ. ಯುದ್ಧ ಮುಗಿಯುವವರೆಗೆ ಅದನ್ನು ಬಚ್ಚಿಟ್ಟುಕೊಂಡಿದ್ದರೆ ಮುಂದೆ ವ್ಯಾಪಾರದಲ್ಲಿ ಎಲ್ಲರಿಗಿಂತ ಮುಂದಿರಬಹುದಾಗಿತ್ತು. ವಾಲ್ಟರ್ ಹಾಗೆ ಮಾಡಲಿಲ್ಲ. ರಾಯಲ್ ನೇವಲ್ ಏರ್ ಸರ್ವಿಸ್, ಅಂದರೆ ನೌಕಾಪಡೆಯ ವಾಯುದಳದಲ್ಲಿ ಎಂಜಿನ್ ವಿಭಾಗದ ಹೊಣೆ ಹೊತ್ತಿದ್ದ ಕಮಾಂಡರ್ ವಿಲ್‌ಫ್ರೆಡ್ ಬ್ರಿಗ್ಸ್ ಅವರನ್ನು ಕಂಡು ವಿಷಯವನ್ನೆಲ್ಲ ತಿಳಿಸಿದರು. ಆಗ ಬ್ರಿಟನ್ನಿನ ಭೂಸೇನೆಗೂ ನೌಕಾಪಡೆಗೂ ಬೇರೆ ಬೇರೆ ವಾಯುದಳಗಳಿದ್ದು, ನೌಕಾಪಡೆಯು ಹೊಸ ಪ್ರಯೋಗಗಳಿಗೆ ಹೆಚ್ಚು ಮುಕ್ತವಾಗಿತ್ತು. ಬ್ರಿಗ್ಸ್ ಅವರು ಬೆಂಟ್ಲಿಯವರನ್ನು ಅಧಿಕಾರಿಯಾಗಿ ಸೇರಿಸಿಕೊಂಡು, ಎಂಜಿನ್ ತಯಾರಕರ ಬಳಿಗೆ ಕಳುಹಿಸಿದರು.

ಮೊದಲು ಹೋದದ್ದು ಡರ್ಬಿಯ ರೋಲ್ಸ್-ರಾಯ್ಸ್ ಕಾರ್ಖಾನೆಗೆ. ಅಲ್ಲಿ ಪ್ರಯೋಗ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅರ್ನೆಸ್ಟ್ ಹೈವ್ಸ್ ಅವರಿಗೆ ಪಿಸ್ಟನ್ನಿನ ಗುಟ್ಟನ್ನು ವಿವರಿಸಿದರು. ಆ ಸಂಸ್ಥೆ ಆಗತಾನೆ ರೂಪಿಸುತ್ತಿದ್ದ ಈಗಲ್ ಎಂಬ ವಿಮಾನ ಎಂಜಿನ್ನಿಗೆ ಅಲ್ಯೂಮಿನಿಯಂ ಪಿಸ್ಟನ್ ಬಂದಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಸಾಗರವನ್ನು ಮೊದಲ ಬಾರಿಗೆ ವಿಮಾನದಲ್ಲಿ ದಾಟಿದ್ದು ಇದೇ ಈಗಲ್ ಎಂಜಿನ್ನಿನ ಸುಧಾರಿತ ರೂಪದ ಬಲದಿಂದ. ಬಳಿಕ ವುಲ್ವರ್‌ಹ್ಯಾಂಪ್ಟನ್ನಿನ ಸನ್‌ಬೀಮ್ ಕಾರ್ಖಾನೆಗೂ ಬೆಂಟ್ಲಿಯವರು ಭೇಟಿ ಕೊಟ್ಟರು. ಅಲ್ಯೂಮಿನಿಯಂ ಪಿಸ್ಟನ್ನನ್ನು ಅವರೇ ಮೊದಲು ಕಂಡುಹಿಡಿದರೆಂದು ಕೆಲವೆಡೆ ಬರೆದಿರುವುದು ಸರಿಯಲ್ಲ. ಫ್ರಾನ್ಸಿನ ಎರಕದವರು ಅದನ್ನು ಮೊದಲೇ ಮಾಡಿದ್ದರು. ಅದರ ಯೋಗ್ಯತೆಯನ್ನು ಓಟದಲ್ಲಿ ಸಾಧಿಸಿ ತೋರಿಸಿದ್ದು ಮತ್ತು ಬೇರೆಯವರ ಕೈಗೆ ಕೊಟ್ಟದ್ದು ಬೆಂಟ್ಲಿಯವರ ಪಾಲಿನ ಕೆಲಸ.

ಕ್ಲೆರ್ಜೆ ಎಂಜಿನ್ನಿನ ತೊಂದರೆ

ನೌಕಾಪಡೆಯ ಅನೇಕ ವಿಮಾನಗಳಲ್ಲಿ ಫ್ರೆಂಚ್ ವಿನ್ಯಾಸದ ಕ್ಲೆರ್ಜೆ ಎಂಜಿನ್ ಇತ್ತು. ಲಂಡನ್ನಿನ ಗ್ವಿನ್ಸ್ ಸಂಸ್ಥೆ ಪರವಾನಗಿ ಪಡೆದು ಅದನ್ನು ತಯಾರಿಸುತ್ತಿತ್ತು. ಇದು ಸುತ್ತುವ ಎಂಜಿನ್. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರುಗಳು ನಿಂತಿದ್ದು ಕ್ರ್ಯಾಂಕ್ ಶಾಫ್ಟ್ ತಿರುಗಿದರೆ, ಇಲ್ಲಿ ಕ್ರ್ಯಾಂಕ್ ಶಾಫ್ಟ್ ವಿಮಾನಕ್ಕೆ ಬಿಗಿದಿದ್ದು, ಒಂಬತ್ತು ಸಿಲಿಂಡರುಗಳೂ ಪ್ರೊಪೆಲರಿನೊಂದಿಗೆ ಗಿರ್ರನೆ ಸುತ್ತುತ್ತವೆ. ಗಾಳಿಯಲ್ಲಿ ಸುತ್ತುವುದರಿಂದ ತಾವೇ ತಣ್ಣಗಾಗುತ್ತವೆ. ನೀರಿನ ತೊಟ್ಟಿ, ಕೊಳವೆಗಳ ಭಾರವಿಲ್ಲ. ಜಿಡ್ಡಿಗೆ ಬಳಸುತ್ತಿದ್ದುದು ಹರಳೆಣ್ಣೆ, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನಮ್ಮ ಮನೆಗಳಲ್ಲಿ ಹೊಟ್ಟೆ ಶುದ್ಧಿಗೆಂದು ಮಕ್ಕಳಿಗೆ ಕುಡಿಸುತ್ತಿದ್ದ ಅದೇ ಎಣ್ಣೆಯ ಹೊಗೆಯನ್ನು ವಿಮಾನ ಚಾಲಕರು ಗಂಟೆಗಟ್ಟಲೆ ಉಸಿರಾಡಬೇಕಾಗುತ್ತಿತ್ತು. ಪರಿಣಾಮವೂ ಅದೇ ಆಗಿತ್ತೆಂದು ಹೇಳಲಾಗುತ್ತದೆ.

ತೊಂದರೆ ಇದ್ದದ್ದು ಸಿಲಿಂಡರಿನಲ್ಲಿ. ಸುತ್ತುವಾಗ ಅದರ ಮುಂಬದಿಗೆ ಗಾಳಿ ನೇರವಾಗಿ ಬಡಿದು ಬೇಗ ತಣ್ಣಗಾಗುತ್ತದೆ. ಹಿಂಬದಿ ಬಿಸಿಯಾಗಿಯೇ ಉಳಿಯುತ್ತದೆ. ತೆಳುವಾದ ಉಕ್ಕಿನ ಸಿಲಿಂಡರ್ ಇದರಿಂದ ಸೊಟ್ಟಗಾಗುತ್ತಿತ್ತು. ಸೊಟ್ಟ ಸಿಲಿಂಡರಿನಲ್ಲಿ ಗುಂಡಗಿನ ಪಿಸ್ಟನ್ ಅನಿಲವನ್ನು ತಡೆಯಲಾರದು. ಆದ್ದರಿಂದ ಪಿಸ್ಟನ್ನಿನ ಮೇಲ್ಭಾಗಕ್ಕೆ ಬಾಗುವ ಗುಣವುಳ್ಳ ತೆಳ್ಳನೆಯ ಉಂಗುರವೊಂದನ್ನು ತೊಡಿಸುತ್ತಿದ್ದರು. ಆ ಉಂಗುರಕ್ಕೆ ಆಯುಸ್ಸು ಕಡಿಮೆ. ಅದು ಮುರಿದರೆ ಉರಿಯುವ ಅನಿಲ ಕೆಳಗೆ ನುಗ್ಗಿ, ಪಿಸ್ಟನ್ ಅತಿಯಾಗಿ ಕಾದು ಕಚ್ಚಿಕೊಂಡು, ಎಂಜಿನ್ ಹಾರಾಟದ ನಡುವೆಯೇ ಕೆಡುತ್ತಿತ್ತು. ಶತ್ರುವಿನ ನೆಲದ ಮೇಲೆ ಹಾಗಾದರೆ ಚಾಲಕನಿಗೆ ಸೆರೆಯೋ ಸಾವೋ ಕಾದಿರುತ್ತಿತ್ತು. ಬೆಂಟ್ಲಿಯವರು ಫ್ರಾನ್ಸಿನ ವಾಯುನೆಲೆಗಳಿಗೇ ಹೋಗಿ ಚಾಲಕರ ಮತ್ತು ಮೆಕ್ಯಾನಿಕ್‌ಗಳ ಮಾತು ಕೇಳಿ ಈ ದೋಷವನ್ನು ಅರ್ಥ ಮಾಡಿಕೊಂಡರು.

ಅವರು ಸೂಚಿಸಿದ ಪರಿಹಾರ ಪಿಸ್ಟನ್ನಿನಲ್ಲಿ ಕಲಿತ ಪಾಠದ ಮುಂದುವರಿಕೆ: ಸಿಲಿಂಡರನ್ನೇ ಅಲ್ಯೂಮಿನಿಯಂನಿಂದ ಮಾಡಿ, ಪಿಸ್ಟನ್ ಉಜ್ಜುವ ಒಳಮೈಗೆ ಮಾತ್ರ ಕಬ್ಬಿಣದ ಕೊಳವೆಯನ್ನು ಕೂರಿಸುವುದು. ಶಾಖ ಸುತ್ತಲೂ ಸಮನಾಗಿ ಹರಡಿದರೆ ಸಿಲಿಂಡರ್ ಸೊಟ್ಟಗಾಗದು. ಆ ತೆಳು ಉಂಗುರವನ್ನು ನೆಚ್ಚಿಕೊಳ್ಳುವ ಅಗತ್ಯವೂ ಇರದು. ಪರವಾನಗಿಯ ಕರಾರಿನಂತೆ ಎಂಜಿನ್ ತಯಾರಿಸುತ್ತಿದ್ದ ಗ್ವಿನ್ಸ್ ಸಂಸ್ಥೆಯವರು ಇಷ್ಟು ದೊಡ್ಡ ಬದಲಾವಣೆಗೆ ಮನಸ್ಸು ಮಾಡಲಿಲ್ಲ. ಅವರನ್ನು ಪೂರ್ತಿಯಾಗಿ ದೂಷಿಸುವಂತಿಲ್ಲ. ಯುದ್ಧಕಾಲದಲ್ಲಿ ತಯಾರಿಕೆ ನಿಲ್ಲಿಸಿ ಅಚ್ಚುಗಳನ್ನೂ ಉಪಕರಣಗಳನ್ನೂ ಬದಲಾಯಿಸಿದರೆ, ರಣರಂಗಕ್ಕೆ ಹೋಗಬೇಕಾದ ಎಂಜಿನ್ನುಗಳು ಅಷ್ಟು ಕಡಿಮೆಯಾಗುತ್ತವೆ. ಕೊನೆಗೆ ನೌಕಾಪಡೆಯೇ ಬೆಂಟ್ಲಿಯವರನ್ನು ಕವೆಂಟ್ರಿಯ ಹಂಬರ್ ಕಾರ್ಖಾನೆಗೆ ಕಳುಹಿಸಿ, ಸ್ವತಂತ್ರವಾಗಿ ಹೊಸ ಎಂಜಿನ್ ರೂಪಿಸಲು ಅನುವು ಮಾಡಿಕೊಟ್ಟಿತು. ಅಲ್ಲಿನ ವಿನ್ಯಾಸಕಾರ ಫ್ರಾಂಕ್ ಬರ್ಜೆಸ್ ಅವರ ನೆರವು ದೊರೆಯಿತು.

ಬಿ.ಆರ್.1 ಮತ್ತು ಬಿ.ಆರ್.2

ಮೊದಲಿಗೆ ಅಡ್ಮಿರಲ್ಟಿ ರೋಟರಿ ಎಂದು ಕರೆಯಲಾದ ಎಂಜಿನ್ನೇ ಮುಂದೆ ಬೆಂಟ್ಲಿ ರೋಟರಿ 1, ಅಂದರೆ ಬಿ.ಆರ್.1 ಎಂದು ಹೆಸರಾಯಿತು. ಒಂಬತ್ತು ಸಿಲಿಂಡರ್, 120 ಮಿಲಿಮೀಟರ್ ವ್ಯಾಸ, 170 ಮಿಲಿಮೀಟರ್ ಹೊಡೆತ, ಒಟ್ಟು ಗಾತ್ರ ಸುಮಾರು 17.3 ಲೀಟರ್, ಶಕ್ತಿ 150 ಅಶ್ವಶಕ್ತಿ. ಅದರ ಹಿಂದಿನ ಕ್ಲೆರ್ಜೆಯದು 130 ಅಶ್ವಶಕ್ತಿ. ಪ್ರತಿ ಸಿಲಿಂಡರಿಗೆ ಎರಡು ಕಿಡಿಬೆಣೆಗಳಿದ್ದುದರಿಂದ ಒಂದು ಕೈಕೊಟ್ಟರೂ ಎಂಜಿನ್ ನಡೆಯುತ್ತಿತ್ತು. ಬೆಲೆಯೂ ಇಳಿಯಿತು: ಕ್ಲೆರ್ಜೆಗೆ ಒಂಬೈನೂರು ಪೌಂಡಿಗೂ ಹೆಚ್ಚು ತಗುಲುತ್ತಿದ್ದರೆ ಇದಕ್ಕೆ ಸುಮಾರು ಆರುನೂರು ಪೌಂಡ್.

ಸುತ್ತುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ತೂಕಕ್ಕೆ ಇನ್ನೊಂದು ಅರ್ಥವೂ ಇದೆ. ಇಲ್ಲಿ ಪಿಸ್ಟನ್ನುಗಳು ಕ್ರ್ಯಾಂಕಿನ ಸುತ್ತ ವೃತ್ತಾಕಾರವಾಗಿ ಸುತ್ತುವುದರಿಂದ, ಕವಣೆಯ ಕಲ್ಲಿನಂತೆ ಸದಾ ಹೊರಕ್ಕೆ ಎಳೆಯುತ್ತಿರುತ್ತವೆ. ನಿಮಿಷಕ್ಕೆ 1250 ಸುತ್ತಿನ ವೇಗದಲ್ಲಿ ಈ ಎಳೆತ ಪಿಸ್ಟನ್ನಿನ ಸ್ವಂತ ತೂಕದ ಐನೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಅದೆಲ್ಲವನ್ನೂ ತಡೆಯುವುದು ಬೆರಳುಗಾತ್ರದ ಗಜನ್ ಪಿನ್ ಮತ್ತು ಕನೆಕ್ಟಿಂಗ್ ರಾಡು. ಪಿಸ್ಟನ್ನಿನಲ್ಲಿ ನೂರು ಗ್ರಾಂ ಉಳಿಸಿದರೆ ಪಿನ್ನಿನ ಮೇಲಿನ ಸುಮಾರು ಐವತ್ತು ಕಿಲೋಗ್ರಾಂ ಭಾರ ಇಳಿದಂತೆ.

1917ರಿಂದ ನೌಕಾಪಡೆಯ ಸಾಪ್‌ವಿತ್ ಕ್ಯಾಮೆಲ್‌ಗಳಲ್ಲಿ ಬಿ.ಆರ್.1 ಬಳಕೆಗೆ ಬಂದಿತು. 1918ರ ಏಪ್ರಿಲ್ 21ರಂದು ಜರ್ಮನಿಯ ಖ್ಯಾತ ವೈಮಾನಿಕ ಮ್ಯಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫೆನ್ ಹತರಾದ ಕಾಳಗದಲ್ಲಿ ಅವರನ್ನು ಬೆನ್ನಟ್ಟಿದ್ದ ಕೆನಡಾದ ರಾಯ್ ಬ್ರೌನ್ ಅವರ ಕ್ಯಾಮೆಲ್‌ನಲ್ಲಿಯೂ ಈ ಎಂಜಿನ್ ಇತ್ತು. ಗುಂಡು ಹೊಡೆದವರು ಬ್ರೌನ್ ಅಲ್ಲ, ನೆಲದ ಮೇಲಿದ್ದ ಆಸ್ಟ್ರೇಲಿಯಾದ ಸೈನಿಕರು ಎಂಬ ಅಭಿಪ್ರಾಯವೇ ಇಂದು ಬಲವಾಗಿದೆ. 24.9 ಲೀಟರಿನ ಬಿ.ಆರ್.2 ಸುಮಾರು 230 ಅಶ್ವಶಕ್ತಿ ಕೊಡುತ್ತಿತ್ತು. ಅದನ್ನು ಹೊತ್ತ ಸಾಪ್‌ವಿತ್ ಸ್ನೈಪ್ ಯುದ್ಧದ ಕೊನೆಯ ವಾರಗಳಲ್ಲಿ ರಣರಂಗಕ್ಕೆ ಬಂದಿತು. 1918ರ ಅಕ್ಟೋಬರ್ 27ರಂದು ಸ್ನೈಪ್‌ನಲ್ಲಿ ಒಂಟಿಯಾಗಿ ಹೋರಾಡಿದ ವಿಲಿಯಂ ಬಾರ್ಕರ್ ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಯುದ್ಧಾನಂತರ 1920ರಲ್ಲಿ, ಅವಿಭಜಿತ ಭಾರತದ ರಿಸಾಲ್‌ಪುರದಲ್ಲಿ ಪುನಾರಚಿತವಾದ ರಾಯಲ್ ಏರ್ ಫೋರ್ಸಿನ ಒಂದನೆಯ ಸ್ಕ್ವಾಡ್ರನ್‌ಗೆ ಕೊಟ್ಟದ್ದೂ ಸ್ನೈಪ್ ವಿಮಾನಗಳನ್ನೇ.

ಸುತ್ತುವ ಎಂಜಿನ್ನಿನ ಯುಗ ಅಲ್ಲಿಗೆ ಮುಗಿಯಿತು. ಶಕ್ತಿ ಹೆಚ್ಚಿಸಲು ಗಾತ್ರ ಹೆಚ್ಚಿಸಬೇಕು. ಗಾತ್ರ ಹೆಚ್ಚಿದಂತೆ ಗಾಳಿಯನ್ನು ಕಡೆಯುವುದರಲ್ಲೇ ಶಕ್ತಿ ಸೋರುತ್ತಿತ್ತು. ಬಿ.ಆರ್.2ರ ನಂತರ ಅಂತಹ ಮುಖ್ಯ ಎಂಜಿನ್ ಬ್ರಿಟನ್ನಿನಲ್ಲಿ ಬರಲಿಲ್ಲ. ಪಿಸ್ಟನ್ನಿನ ಕಥೆ ಮಾತ್ರ ಮುಂದುವರಿಯಿತು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯು ಯುದ್ಧಕಾಲದಲ್ಲಿ ತಾಮ್ರ, ನಿಕ್ಕಲ್ ಮತ್ತು ಮೆಗ್ನೀಸಿಯಂ ಬೆರೆಸಿ ರೂಪಿಸಿದ ವೈ ಮಿಶ್ರಲೋಹವು ಕಾದಾಗಲೂ ಬಲ ಉಳಿಸಿಕೊಳ್ಳುತ್ತಿದ್ದುದರಿಂದ ಬೆಂಟ್ಲಿಯವರ ಹಳೆಯ ಮಿಶ್ರಣ ಹಿಂದೆ ಸರಿಯಿತು.

ಬೆಂಟ್ಲಿಯವರಿಗೆ ಎಂ.ಬಿ.ಇ. ಪದವಿ ಸಂದಿತು. ಸಂಶೋಧಕರಿಗೆ ಪರಿಹಾರ ನೀಡಲು ನೇಮಿಸಲಾಗಿದ್ದ ರಾಜ ಆಯೋಗವು 8,000 ಪೌಂಡುಗಳ ಬಹುಮಾನ ಕೊಟ್ಟಿತು. ಆದರೆ 1914ರ ಜನವರಿಯಲ್ಲಿ ಮದುವೆಯಾಗಿದ್ದ ಪತ್ನಿ ಲಿಯೊನಿ 1919ರಲ್ಲಿ, ಜಗತ್ತನ್ನೇ ಬಾಧಿಸಿದ ವಿಷಮ ಫ್ಲೂ ಜ್ವರಕ್ಕೆ ಬಲಿಯಾದರು. ಆಕಾಶದ ಅಪಾಯಗಳನ್ನು ತಗ್ಗಿಸಲು ನಾಲ್ಕು ವರ್ಷ ದುಡಿದವರ ಮನೆಗೆ ಸಾವು ಬೇರೆ ದಾರಿಯಿಂದ ಬಂದಿತ್ತು. ಬೆಂಟ್ಲಿಯವರು ಮುಂದೆ ಎರಡು ಬಾರಿ ವಿವಾಹವಾದರು, ಅವರಿಗೆ ಮಕ್ಕಳಿರಲಿಲ್ಲ.

ಬೆಂಟ್ಲಿ ಮೋಟರ್ಸ್

1919ರಲ್ಲಿ ಬೆಂಟ್ಲಿ ಮೋಟರ್ಸ್ ಸ್ಥಾಪನೆಯಾಯಿತು. ಹಂಬರ್‌ನಲ್ಲಿ ಜೊತೆಗಿದ್ದ ಬರ್ಜೆಸ್ ಅವರೂ ಸೇರಿಕೊಂಡರು. ಮೂರು ಲೀಟರಿನ ಮೊದಲ ಕಾರು 1921ರಲ್ಲಿ ಗ್ರಾಹಕರ ಕೈ ಸೇರಿತು. ಸಿಲಿಂಡರಿಗೆ ನಾಲ್ಕು ಕವಾಟ, ಅಲ್ಯೂಮಿನಿಯಂ ಪಿಸ್ಟನ್ ಅದರ ಲಕ್ಷಣಗಳು. ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ ಇಪ್ಪತ್ನಾಲ್ಕು ಗಂಟೆಗಳ ಓಟವನ್ನು ಬೆಂಟ್ಲಿ ಕಾರುಗಳು 1924ರಲ್ಲಿ ಒಮ್ಮೆ, 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ಗೆದ್ದವು.

ಕಾರು ಗೆದ್ದಷ್ಟು ಸುಲಭವಾಗಿ ಸಂಸ್ಥೆ ಹಣ ಗಳಿಸಲಿಲ್ಲ. 1926ರಲ್ಲಿ ಸಿರಿವಂತ ಓಟಗಾರ ವುಲ್ಫ್ ಬಾರ್ನಾಟೊ ಬಂಡವಾಳ ಹೂಡಿ ಅದರ ಒಡೆತನ ಪಡೆದರು; ಬೆಂಟ್ಲಿಯವರು ತಮ್ಮದೇ ಸಂಸ್ಥೆಯಲ್ಲಿ ನೌಕರರಾದರು. ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸಿ ಗಾಳಿ ತುರುಕುವುದಕ್ಕೆ ಅವರ ವಿರೋಧವಿತ್ತು. ಆದರೂ ಟಿಮ್ ಬಿರ್ಕಿನ್ ಎಂಬ ಚಾಲಕರ ಒತ್ತಾಯಕ್ಕೆ ಅಂತಹ ಕಾರುಗಳು ತಯಾರಾದವು. ಹೆಸರು ಬಹಳ ಮಾಡಿದವಾದರೂ ಲೆ ಮಾನ್ ಗೆಲ್ಲಲಿಲ್ಲ. ಆರ್ಥಿಕ ಕುಸಿತದ ಹೊಡೆತಕ್ಕೆ 1931ರಲ್ಲಿ ಸಂಸ್ಥೆ ದಿವಾಳಿಯಂಚಿಗೆ ಬಂದಿತು. ನೇಪಿಯರ್ ಸಂಸ್ಥೆ ಅದನ್ನು ಕೊಳ್ಳುವುದೆಂದೇ ಎಲ್ಲರೂ ನಂಬಿದ್ದಾಗ, ಮಧ್ಯವರ್ತಿ ಟ್ರಸ್ಟ್ ಒಂದರ ಹೆಸರಿನಲ್ಲಿ ಹೆಚ್ಚಿನ ಬೆಲೆ ಕೂಗಿ ಕೊಂಡದ್ದು ರೋಲ್ಸ್-ರಾಯ್ಸ್. ಯುದ್ಧಕಾಲದಲ್ಲಿ ಬೆಂಟ್ಲಿಯವರು ಪಿಸ್ಟನ್ನಿನ ಗುಟ್ಟನ್ನು ಒಪ್ಪಿಸಿದ್ದ ಅದೇ ಸಂಸ್ಥೆ. ಅವರ ಸೇವೆಯ ಕರಾರೂ ಆಸ್ತಿಯೊಂದಿಗೆ ಹೊಸ ಒಡೆಯರ ಪಾಲಾಯಿತು. ಅಲ್ಲಿ ವಿನ್ಯಾಸದ ಹೊಣೆಯನ್ನು ಅವರಿಗೆ ವಹಿಸಲಿಲ್ಲ.

ನಂತರದ ವರ್ಷಗಳು

1935ರಲ್ಲಿ ಕರಾರು ಮುಗಿದೊಡನೆ ಲಗೊಂಡಾ ಸಂಸ್ಥೆಗೆ ಹೋದರು. ತಮ್ಮದೇ ಹೆಸರಿನ ಕಾರು ಮಾಡುವ ಹಕ್ಕು ಅವರಿಗೆ ಇರಲಿಲ್ಲ. ಅಲ್ಲಿ ರೂಪಿಸಿದ ಹನ್ನೆರಡು ಸಿಲಿಂಡರಿನ ಎಂಜಿನ್ನಿನ ಕಾರುಗಳು 1939ರ ಲೆ ಮಾನ್‌ನಲ್ಲಿ ಮೂರನೆಯ ಹಾಗೂ ನಾಲ್ಕನೆಯ ಸ್ಥಾನ ಪಡೆದವು. ಎರಡನೆಯ ಮಹಾಯುದ್ಧದ ನಂತರ ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 2.6 ಲೀಟರಿನ ಎಂಜಿನ್, ಲಗೊಂಡಾ ಸಂಸ್ಥೆ 1947ರಲ್ಲಿ ಡೇವಿಡ್ ಬ್ರೌನ್ ಅವರ ಕೈಸೇರಿದ ಮೇಲೆ, ಆಸ್ಟನ್ ಮಾರ್ಟಿನ್ ಡಿಬಿ2 ಕಾರಿಗೆ ಅಳವಡಿಕೆಯಾಯಿತು. 1958ರಲ್ಲಿ ಬೆಂಟ್ಲಿಯವರ ಆತ್ಮಕಥೆ ಪ್ರಕಟವಾಯಿತು.

ಮಿತಭಾಷಿಯಾಗಿದ್ದ ಅವರು ಹಳೆಯ ಬೆಂಟ್ಲಿ ಕಾರುಗಳ ಮಾಲೀಕರ ಸಂಘದ ಪೋಷಕರಾಗಿದ್ದರು. 1971ರ ಆಗಸ್ಟ್ 13ರಂದು ಸರ್ರೆ ಪ್ರಾಂತದ ವೋಕಿಂಗ್‌ನಲ್ಲಿ ನಿಧನರಾದರು. ಬಾರ್ಕರ್ ಅವರು ಹಾರಿಸಿದ ಸ್ನೈಪ್ ವಿಮಾನದ ಒಡಲು ಕೆನಡಾದ ಒಟ್ಟಾವಾದಲ್ಲಿರುವ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.